ನಲ್ಲಿಯಲ್ಲಿ ನೂರ ಅರವತ್ತೆಂಟು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಕಬ್ಬಿನ ಗದ್ದೆಗಳ ಮಧ್ಯೆ ಒಂದು ಮೈಲಿ ನಡೆದರೆ, ಆ ಕಡೆಯವರು ಹುಂಡಿ ಎನ್ನುವ ಒಂದು ಸಣ್ಣ ಊರು ಸಿಗುತ್ತದೆ. ಅಲ್ಲಿನ ಪ್ರೌಢಶಾಲೆಯಲ್ಲಿ ರುದ್ರಾಣಿ ಹನ್ನೊಂದು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದಳು. ಊರಿನಲ್ಲಿ ಯಾರ ಮನೆಯ ಟಿವಿ ಕೆಟ್ಟರೂ, ಯಾರ ಮಗುವಿಗೆ ಜ್ವರ ಬಂದರೂ ಮೊದಲು ಅವಳನ್ನೊಂದು ಮಾತು ಕೇಳುತ್ತಿದ್ದರು. ಸೈನ್ಸ್ ಮೇಡಂ ಹೇಳಿದ ಮೇಲೆ ಮುಗಿಯಿತು ಎನ್ನುವುದು ಅಲ್ಲಿನವರ ನಂಬಿಕೆ. ಅವಳಿಗೂ ಆ ನಂಬಿಕೆ ಹಿತವಾಗಿಯೇ ಇತ್ತು.

ನವೆಂಬರ್ ತಿಂಗಳ ಮೊದಲ ಶುಕ್ರವಾರ ಒಂಬತ್ತನೇ ತರಗತಿಗೆ ಪ್ರಯೋಗವಿತ್ತು. ಬಿಸಿಲಿನಿಂದ, ಗಾಳಿಯಿಂದ, ಬೀಳುವ ನೀರಿನಿಂದ ಎಷ್ಟು ವಿದ್ಯುತ್ ಹುಟ್ಟುತ್ತದೆ ಎಂದು ಮಕ್ಕಳೇ ಅಳೆದು ಬರೆಯಬೇಕು. ಅದಕ್ಕಾಗಿ ರುದ್ರಾಣಿ ಒಂದು ಸಣ್ಣ ಸೋಲಾರ್ ಹಲಗೆ, ಹಳೆಯ ಕಂಪ್ಯೂಟರಿನ ಫ್ಯಾನು, ಆಟದ ಕಾರಿನಿಂದ ಬಿಚ್ಚಿದ ಒಂದು ಮೋಟಾರು ಮತ್ತು ಒಂದು ಮಲ್ಟಿಮೀಟರ್ ಹೊಂದಿಸಿಟ್ಟಿದ್ದಳು. ಮೀಟರಿನ ಜವಾಬ್ದಾರಿ ಗೌತಮಿಯದು. ಗೌತಮಿ ಹೆಚ್ಚು ಮಾತಾಡದ ಹುಡುಗಿ. ಆದರೆ ಮೀಟರ್ ಕೈಗೆ ಬಂದ ಮೂರು ವಾರಗಳಲ್ಲಿ ನಿಂಬೆಹಣ್ಣು, ಆಲೂಗಡ್ಡೆ, ಉಪ್ಪಿನಕಾಯಿ ಜಾಡಿ, ಕೊನೆಗೆ ಹೂವಿನ ಕುಂಡದ ಮಣ್ಣನ್ನೂ ಬಿಡದೆ ಅದರ ಕೆಂಪು ಕಡ್ಡಿ, ಕಪ್ಪು ಕಡ್ಡಿ ಚುಚ್ಚಿ ನೋಡಿದ್ದಳು. ಒದ್ದೆ ಮಣ್ಣಿಗೆ ತಾಮ್ರದ ತುಂಡು, ತಗಡಿನ ತುಂಡು ಸಿಕ್ಕಿಸಿದರೆ ಮುಕ್ಕಾಲು ವೋಲ್ಟ್ ಬರುತ್ತದೆ ಎಂದು ಗೊತ್ತಾದ ದಿನ ಅವಳು ಊಟ ಮಾಡುವುದನ್ನೂ ಮರೆತಿದ್ದಳು.

ಅಂಗಳದ ಬಿಸಿಲಿನಲ್ಲಿ ಹಲಗೆ ಹತ್ತೊಂಬತ್ತು ವೋಲ್ಟ್ ಕೊಟ್ಟಿತು. ಫ್ಯಾನಿಗೆ ಮಕ್ಕಳು ಸರದಿಯ ಮೇಲೆ ಬಾಯಿಂದ ಊದಿ ಒಂದು ವೋಲ್ಟೂ ದಾಟಿಸಲಾಗದೆ ಕೆಮ್ಮಿದರು. ಉಳಿದದ್ದು ನೀರು. ಬಾಟಲಿಯ ಮುಚ್ಚಳದ ಸುತ್ತ ಪ್ಲಾಸ್ಟಿಕ್ ಚಮಚಗಳನ್ನು ಅಂಟಿಸಿ ಮಾಡಿದ ಚಕ್ರವನ್ನು ಮೋಟಾರಿಗೆ ಸಿಕ್ಕಿಸಿದ್ದರು. ಅದನ್ನು ತಿರುಗಿಸಲು ರಭಸದ ನೀರು ಬೇಕು. ಮಕ್ಕಳು ತಟ್ಟೆ ತೊಳೆಯುವ ಕಡೆ ಇದ್ದ ಪ್ಲಾಸ್ಟಿಕ್ ನಲ್ಲಿಗಳಲ್ಲಿ ನೀರು ಸಣ್ಣಗೆ ಬರುತ್ತಿತ್ತು. ತಾರಸಿಯ ಟ್ಯಾಂಕಿನಿಂದ ಕಬ್ಬಿಣದ ಪೈಪಿನಲ್ಲಿ ನೇರವಾಗಿ ಇಳಿಯುವ ನೀರು ಇದ್ದದ್ದು ಅಡುಗೆಮನೆಯ ಹಿಂದಿನ ನಲ್ಲಿಯಲ್ಲಿ ಮಾತ್ರ. ರುದ್ರಾಣಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದಳು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಲ್ಲಿಯ ಸುತ್ತ ನೀರು ನಿಂತಿತ್ತು.

"ಶೂ ನೆನೆಯುತ್ತೆ, ಬಿಚ್ಚಿಟ್ಟು ಬನ್ನಿ," ಎಂದಳು ರುದ್ರಾಣಿ. ನಾಲ್ಕು ಮಕ್ಕಳು ಶೂ ಬಿಚ್ಚಿ, ಬರಿಗಾಲಲ್ಲಿ ನೀರಿಗಿಳಿದು ಚಕ್ರ ಹಿಡಿದು ನಿಂತರು. ಮೀಟರ್ ನೆನೆಯಬಾರದೆಂದು ಗೌತಮಿ ಮಾತ್ರ ಶೂ ಹಾಕಿಕೊಂಡೇ ಕಟ್ಟೆಯ ಮೇಲೆ ಕುಳಿತಳು.

ಒಬ್ಬ ಹುಡುಗ ನಲ್ಲಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಕೆಂಪಾಜಮ್ಮ ಬಂದಳು. ಆರು ವರ್ಷದಿಂದ ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದವಳು. ವಯಸ್ಸು ಐವತ್ತೈದು ಇರಬಹುದು.

"ಮುಟ್ಬೇಡ ಕಣ್ ಮಗ. ನಾನ್ ಬುಡ್ತೀನಿ," ಎಂದು ಒಣಗಿದ ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ನಲ್ಲಿಗೆ ಸುತ್ತಿ ತಿರುಗಿಸಿದಳು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ರುದ್ರಾಣಿಗೆ ಮುಜುಗರವಾಯಿತು. ಅವಳು ಕೆಂಪಾಜಮ್ಮನ ಮುಖ ನೋಡಲಿಲ್ಲ. ಕಾರಣವಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಕೆಂಪಾಜಮ್ಮ ಒಂದೇ ಮಾತು ಹೇಳುತ್ತಿದ್ದಳು. ನಲ್ಲಿಯ ನೀರು ಕಚ್ಚುತ್ತದೆ, ಮುಟ್ಟಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ, ಒಂದೊಂದು ದಿನ ಎದೆಗೇ ಬಂದು ಒದ್ದಂತಾಗುತ್ತದೆ. ಮುಖ್ಯೋಪಾಧ್ಯಾಯ ಗುರುಪ್ರಸಾದ್ ಎಲ್ಲರೆದುರು ಹೋಗಿ ನಲ್ಲಿ ಹಿಡಿದು ನಿಂತಿದ್ದರು. ಅವರಿಗೇನೂ ಆಗಲಿಲ್ಲ. ರುದ್ರಾಣಿಯೂ ಮುಟ್ಟಿ ನೋಡಿದಳು. ಅವಳಿಗೂ ಏನೂ ಆಗಲಿಲ್ಲ. "ಇದು ನರದ ತೊಂದರೆ ಕೆಂಪಾಜಮ್ಮ, ಆಸ್ಪತ್ರೆಗೆ ತೋರಿಸಿ," ಎಂದು ಅವಳೇ ಹೇಳಿ, ನಂಜನಗೂಡಿಗೆ ಕಳಿಸಿದ್ದಳು. ಕೆಂಪಾಜಮ್ಮ ಮಾತ್ರೆ ನುಂಗತೊಡಗಿದಳು. ಆದರೂ ನಲ್ಲಿ ಮುಟ್ಟಲಿಲ್ಲ. ಪಾತ್ರೆ ತೊಳೆಯಲು ಬೋರಿನ ಕೈಪಂಪಿನಿಂದ ನೀರು ತರಲು ಮಕ್ಕಳನ್ನು ಕಳಿಸತೊಡಗಿದಳು. ಅದಕ್ಕೆ ಪೋಷಕರ ತಕರಾರು ಬಂತು. ಅಕ್ಟೋಬರಿನಲ್ಲಿ ಶಾಲಾ ಸಮಿತಿಯ ಸಭೆ ಸೇರಿದಾಗ ಗುರುಪ್ರಸಾದ್, "ಸೈನ್ಸ್ ಮೇಡಂ ಏನಂತಾರೆ?" ಎಂದು ಕೇಳಿದರು. "ನಲ್ಲಿಯಲ್ಲಿ ಏನೂ ಇಲ್ಲ. ಅವರಿಗೆ ಆರೋಗ್ಯ ಸರಿ ಇಲ್ಲ. ಬೆಂಕಿಯ ಮುಂದೆ ಕೆಲಸ ಮಾಡೋದು ಅವರಿಗೇ ಅಪಾಯ," ಎಂದು ರುದ್ರಾಣಿ ಎದ್ದು ನಿಂತು ಹೇಳಿದಳು. ಬೇರೆ ಅಡುಗೆಯವರನ್ನು ನೇಮಿಸಬೇಕೆಂಬ ಪತ್ರ ಹೋಯಿತು. ಅದರಲ್ಲಿ ಅವಳ ಸಹಿಯೂ ಇತ್ತು. ಬರುವ ಸೋಮವಾರದಿಂದ ಹೊಸಬಳು ಬರುವವಳಿದ್ದಳು. ಕೆಂಪಾಜಮ್ಮನಿಗೆ ಉಳಿದದ್ದು ಎರಡು ದಿನ.

ಚಕ್ರ ತಿರುಗಿತು. ಮೋಟಾರಿನ ಎರಡು ತಂತಿಗೆ ಗೌತಮಿ ಕಡ್ಡಿಗಳನ್ನು ಹಿಡಿದಳು. ಮೀಟರಿನ ಅಂಕಿ ಒಂದು ಕಡೆ ನಿಲ್ಲಲಿಲ್ಲ. ಚಕ್ರದ ಒಂದು ಚಮಚ ಬಿದ್ದುಹೋಗಿತ್ತು. ರುದ್ರಾಣಿ ಬಗ್ಗಿ ಅದನ್ನು ಅಂಟಿಸುತ್ತಿರುವಾಗ ಗೌತಮಿ ತನ್ನ ಅಭ್ಯಾಸದಂತೆ ಕಪ್ಪು ಕಡ್ಡಿಯನ್ನು ಚರಂಡಿಯ ಒದ್ದೆ ಮಣ್ಣಿಗೆ ಚುಚ್ಚಿ, ಕೆಂಪು ಕಡ್ಡಿಯನ್ನು ನಲ್ಲಿಗೆ ತಾಗಿಸಿದಳು. ಕಬ್ಬಿಣಕ್ಕೂ ಮಣ್ಣಿಗೂ ಏನಾದರೂ ಬರುತ್ತದೆಯೇ ಎಂಬ ಕುತೂಹಲ. ಅಂಕಿ ಕುಣಿಯಿತು. ಅಂಕಿ ನಿಲ್ಲದಿದ್ದರೆ ಮೀಟರಿನ ಗುಂಡಿ ತಿರುಗಿಸಿ ಬೇರೆ ಅಳತೆಗೆ ಹಾಕಿ ನೋಡು ಎಂದು ಮಿಸ್ ಹೇಳಿಕೊಟ್ಟಿದ್ದರು. ಅವಳು ತಿರುಗಿಸುತ್ತಾ ಹೋದಳು. ಒಂದು ಕಡೆ ಅಂಕಿ ನಿಂತಿತು.

"ಮಿಸ್, ನೂರ ಅರವತ್ತೆಂಟು."

"ಚುಕ್ಕಿ ಎಲ್ಲಿದೆ ನೋಡಮ್ಮ. ಒಂದು ಚುಕ್ಕಿ ಆರು ಎಂಟು ಇರಬೇಕು," ಎಂದಳು ರುದ್ರಾಣಿ ತಲೆಯೆತ್ತದೆ.

"ಚುಕ್ಕಿ ಇಲ್ಲ ಮಿಸ್."

ರುದ್ರಾಣಿ ತಿರುಗಿ ನೋಡಿದಳು. ಗುಂಡಿಯ ಗೆರೆ ಬ್ಯಾಟರಿಯ ಕಡೆಯಿರಲಿಲ್ಲ, ಅಲೆಯ ಗುರುತಿನ ಕಡೆಯಿತ್ತು. ಮನೆಯ ಗೋಡೆಯೊಳಗೆ ಹರಿಯುವ ವಿದ್ಯುತ್ತನ್ನು ಅಳೆಯುವ ಕಡೆ. ಅವಳ ಕಣ್ಣು ಕೆಂಪು ಕಡ್ಡಿಯ ಜೊತೆಗೇ ನಲ್ಲಿಗೆ ಹೋಯಿತು, ಅಲ್ಲಿಂದ ಕೆಳಗೆ ನೀರಿನಲ್ಲಿ ನಿಂತಿದ್ದ ಎಂಟು ಬರಿಗಾಲುಗಳಿಗೆ ಬಂತು. ಒಬ್ಬ ಹುಡುಗ ನೀರು ಇನ್ನಷ್ಟು ಬಿಡಲು ನಲ್ಲಿಯ ಕಡೆಗೆ ಕೈ ಚಾಚುತ್ತಿದ್ದ.

ರುದ್ರಾಣಿ ಹುಡುಗನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದಳು. ಅವನು ಕೆಸರಿನಲ್ಲಿ ಕುಕ್ಕರಿಸಿ ಬಿದ್ದ.

"ಎಲ್ಲರೂ ಕೈ ತೆಗೀರಿ," ಎಂದಳು ಆಮೇಲೆ, ತನಗೇ ಪರಿಚಯವಿಲ್ಲದ ಸಣ್ಣ ದನಿಯಲ್ಲಿ. "ಚಕ್ರ ಅಲ್ಲೇ ಬಿಡಿ. ಯಾರೂ ಏನೂ ಮುಟ್ಟಬೇಡಿ. ಹಿಂದೆ ಹಿಂದೆ ಬನ್ನಿ."

ಮಕ್ಕಳನ್ನೆಲ್ಲ ಒಣ ನೆಲಕ್ಕೆ ಕಳಿಸಿ, ಓಡಿಹೋಗಿ ಮೈನ್ ಸ್ವಿಚ್ ಕೆಳಗಿಳಿಸಿದಳು. ವಾಪಸು ಬಂದು ಗೌತಮಿಗೆ, "ಇನ್ನೊಂದು ಸಲ ಹಿಡಿ," ಎಂದಳು. ಸೊನ್ನೆ. ರುದ್ರಾಣಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮಕ್ಕಳು ಅವಳನ್ನು ಆ ಸ್ಥಿತಿಯಲ್ಲಿ ಎಂದೂ ನೋಡಿರಲಿಲ್ಲ.

ಗುರುಪ್ರಸಾದ್ ಬಂದರು. ಕೇಳಿದರು. ನಂಬಲಿಲ್ಲ.

"ಆನ್‌ಲೈನಲ್ಲಿ ತರಿಸಿದ ಮೀಟರ್ ಅದು ಮೇಡಂ. ಏನೇನೋ ತೋರಿಸುತ್ತೆ. ನಾನೇ ಹಿಡಿದು ನೋಡಿದ್ದೆನಲ್ಲ."

"ಶೂ ಹಾಕ್ಕೊಂಡಿದ್ರಿ ಸರ್. ನಾನು ಚಪ್ಪಲಿ ಹಾಕ್ಕೊಂಡಿದ್ದೆ. ನೆಲ ಒಣಗಿತ್ತು," ಎಂದಳು ರುದ್ರಾಣಿ. ಹೇಳುತ್ತಿರುವಾಗಲೇ ಆ ಮಾತು ಅವಳನ್ನು ಇರಿಯಿತು. ಕರೆಂಟು ಹರಿಯಬೇಕಾದರೆ ದಾರಿ ಪೂರ್ತಿಯಾಗಬೇಕು ಎಂದು ಹನ್ನೊಂದು ವರ್ಷ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದವಳು ಅವಳೇ. ಪಾತ್ರೆ ತೊಳೆಯುವ ಹೆಂಗಸು ಬರಿಗಾಲಲ್ಲಿ ನೀರಿನಲ್ಲಿ ನಿಂತಿರುತ್ತಾಳೆ ಎಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಹತ್ತಿರದ ಹದಿನಾರು ಎಂಬ ಊರಿನಿಂದ ಎಲೆಕ್ಟ್ರಿಷಿಯನ್ ನಿಂಗರಾಜು ಬೈಕಿನಲ್ಲಿ ಬಂದ. ಎಲ್ಲರನ್ನೂ ದೂರ ನಿಲ್ಲಿಸಿ ಮೈನ್ ಹಾಕಿಸಿದ. ಒದ್ದೆ ನೆಲಕ್ಕೆ ಒಂದು ಕಬ್ಬಿಣದ ಸರಳು ಹೊಡೆದು, ಹೋಲ್ಡರಿಗೆ ಹಾಕಿದ್ದ ಹಳೇ ಕಾಲದ ಬಲ್ಬಿನ ಒಂದು ತಂತಿಯನ್ನು ಸರಳಿಗೆ ಸುತ್ತಿದ. ಇನ್ನೊಂದು ತಂತಿಯ ತುದಿಯನ್ನು ನಲ್ಲಿಗೆ ತಾಗಿಸಿದ.

ಬಲ್ಬಿನೊಳಗಿನ ಎಳೆ ಕೆಂಪಗಾಯಿತು. ನೋಡುತ್ತಿದ್ದಂತೆಯೇ ಹಳದಿ ಬೆಳಕು ಬಂತು. ಹಗಲು ಹನ್ನೊಂದೂವರೆಗೆ, ನೀರಿನ ನಲ್ಲಿಯಿಂದ ಬಲ್ಬು ಉರಿಯುತ್ತಿತ್ತು.

ಗುರುಪ್ರಸಾದ್ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ. ಮಕ್ಕಳಲ್ಲಿ ಒಬ್ಬಳು ಬಿಕ್ಕಿ ಅಳತೊಡಗಿದಳು.

ಮತ್ತೆ ಮೈನ್ ತೆಗೆಸಿ ನಿಂಗರಾಜು ತಾರಸಿಗೆ ಹತ್ತಿದ. ಬೇಸಿಗೆ ರಜೆಯಲ್ಲಿ ಅಡುಗೆಮನೆ ರಿಪೇರಿ ಮಾಡಿದವರು ಮೇಲಿನ ದೀಪಕ್ಕೆ ಎಳೆದ ವೈರನ್ನು ನೀರಿನ ಪೈಪಿಗೇ ಸೇರಿಸಿ ತಗಡಿನ ಪಟ್ಟಿಯಿಂದ ಬಿಗಿದಿದ್ದರು. ಪಟ್ಟಿಯ ಅಂಚು ವೈರಿನ ಸಿಪ್ಪೆ ಸೀಳಿ ತಾಮ್ರ ಕಾಣುತ್ತಿತ್ತು.

"ಒಣಗಿದ್ದಾಗ ಕರೆಂಟು ವಸಿ ವಸಿ ಸೋರ್ತದೆ ಸಾ, ಮಳೆ ಬಿದ್ರೆ ಜಾಸ್ತಿ," ಎಂದ ನಿಂಗರಾಜು ಇಳಿದು ಬಂದು. "ಇನ್ನೊಂದ್ ಕೂದ್ಲೆಳೆ ಕುಯ್ದಿದ್ರೆ ಆಯಮ್ಮನ್ನ ಇಲ್ಲಿಂದ ಎತ್ಕೊಂಡೇ ಓಗ್ಬೇಕಾಗಿತ್ತು. ಅದೆಂಗ್ ಬದುಕವ್ಳೆ ಅಂತ ನಂಗೇ ಗೊತ್ತಾಯ್ತಿಲ್ಲ."

ಆಗ ಎಲ್ಲರೂ ಕೆಂಪಾಜಮ್ಮನ ಕಡೆ ತಿರುಗಿದರು. ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಕುಳಿತಿದ್ದಳು. ಅಕ್ಕಿಯ ಮೇಲೆ ಕೈಯಿತ್ತು, ಆರಿಸುತ್ತಿರಲಿಲ್ಲ. ಬಲ್ಬು ಉರಿದದ್ದನ್ನು ಅವಳೂ ನೋಡಿದ್ದಳು.

"ಅಂಗಾರೆ ಅದು ನನ್ನೊಳಗಿರ್ನಿಲ್ವಾ?" ಎಂದು ಕೇಳಿದಳು.

ಯಾರನ್ನು ಕೇಳಿದಳೋ ತಿಳಿಯಲಿಲ್ಲ. ಉತ್ತರ ಕೊಡಬೇಕಾದವಳು ತಾನು ಎಂದು ರುದ್ರಾಣಿಗೆ ಗೊತ್ತಿತ್ತು. ಕೆಂಪಾಜಮ್ಮ ಸ್ವಲ್ಪ ಹೊತ್ತು ಕಾದು, ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಕೈಪಂಪಿನ ನೀರಿನಲ್ಲೇ ಅಡುಗೆಯಾಯಿತು. ನೂರ ಹನ್ನೆರಡು ಮಕ್ಕಳಿಗೂ ಬಡಿಸಿದಳು. ತಾನು ಉಣ್ಣದೆ ಮನೆಗೆ ಹೋದಳು. ಶನಿವಾರ ಬರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ರುದ್ರಾಣಿ ಅವಳ ಮನೆ ಹುಡುಕಿಕೊಂಡು ಹೋದಳು. ಜಗುಲಿಯಲ್ಲಿ ಸೊಸೆ ಶಾಂತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೆಂಪಾಜಮ್ಮ ಗೋಡೆಗೊರಗಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಮೇಡಮ್ಮನನ್ನು ಕಂಡು ಎದ್ದು ಚಾಪೆ ಹಾಸಿದಳು.

ರುದ್ರಾಣಿ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳನ್ನು ಹೇಳಿದಳು. ಪೈಪು, ವೈರು, ಶೂ, ಬರಿಗಾಲು. ತಾನು ತಪ್ಪು ಮಾಡಿದೆ, ನೀವು ಹೇಳಿದ್ದೇ ಸರಿ ಎಂದಳು. ಕೆಂಪಾಜಮ್ಮ ಕೇಳಿಸಿಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ಚಾಪೆಯ ಮೇಲೆ ಸುರಿದಳು. ಮಾತ್ರೆಯ ಹಾಳೆಗಳು. ಅರ್ಧಕ್ಕರ್ಧ ಖಾಲಿಯಾಗಿದ್ದವು.

"ಇವ ಇನ್ನೂ ನುಂಗ್ಬೇಕಾ ಮೇಡಮ್ಮ? ತಿಂದ್ರೆ ದಿನವೆಲ್ಲ ಮಂಪ್ರು. ಒಂದಿನ ಒಲೆ ಮುಂದ್ಲೇ ಜೋಲಿ ಒಡೆದೆ. ನೀವ್ ಹೇಳುದ್ರಿ ಅಂತ ಬುಡ್ನಿಲ್ಲ."

ರುದ್ರಾಣಿ ಆ ಹಾಳೆಗಳನ್ನೇ ನೋಡುತ್ತಿದ್ದಳು. ಪತ್ರ, ಸಹಿ, ಸಭೆ ಇವೆಲ್ಲ ಅವಳಿಗೆ ನೆನಪಿದ್ದವು. ಇದು ನೆನಪಿನಲ್ಲೇ ಇರಲಿಲ್ಲ. ಕಳಿಸಿ ಮರೆತುಬಿಟ್ಟಿದ್ದಳು. ಆರೋಗ್ಯವಂತ ಹೆಂಗಸೊಬ್ಬಳು ತನ್ನ ಒಂದು ಮಾತಿಗೆ ತಿಂಗಳುಗಟ್ಟಲೆ ಔಷಧ ತಿಂದಿದ್ದಳು.

"ನಾಳೆ ಭಾನುವಾರ. ಸೋಮವಾರ ಸಂಜೆ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಅವರಿಗೂ ನಿಜ ಹೇಳೋಣ," ಎಂದಳು.

ಶಾಂತಿ ಕೇಳಿದಳು: "ಅಂದ್ರೆ ನಮ್ಮತ್ತೆಗೆ ಯಾವ ಕಾಯ್ಲೆನೂ ಇಲ್ವಾ ಮೇಡಂ?"

"ಇಲ್ಲ ಅನ್ಸುತ್ತೆ ಶಾಂತಿ."

ಶಾಂತಿ ತೊಡೆಯ ಮೇಲಿನ ಮಗುವಿನ ಕಡೆ ನೋಡಿದಳು. "ನಾವು ಮೂರ್ ತಿಂಗ್ಳಿಂದ ಕೂಸನ್ನ ಅವ್ರ ಕೈಗೇ ಕೊಟ್ಟಿಲ್ಲ," ಎಂದಳು. "ನರ ಎಳೆದು ಎತ್ತಾಕ್ಬುಟ್ಟಾರು ಅಂತ ನಮ್ಮನೆಯವ್ರು ಎದ್ರುದ್ರು. ಅತ್ತೆ ಕೇಳೋರು. ನಾನೇ ಕೊಡ್ನಿಲ್ಲ."

ಕೆಂಪಾಜಮ್ಮ ಹುರುಳಿಕಾಯಿಯ ಕಡೆ ನೋಡುತ್ತಾ, "ಬುಡು, ನೀನೇನ್ ಮಾಡೀಯೆ," ಎಂದಳು. ಶಾಂತಿ ಎದ್ದು ಮಗುವನ್ನು ಅತ್ತೆಯ ಮಡಿಲಿಗಿಟ್ಟು ಒಳಗೆ ಹೋದಳು. ಒಳಗಿನಿಂದ ಮೂಗು ಸೀಟಿಕೊಳ್ಳುವ ಸದ್ದು ಕೇಳಿಸಿತು. ಕೆಂಪಾಜಮ್ಮ ಮೊದಲು ತನ್ನ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ಮಗುವನ್ನು ಹಿಡಿದಳು.

ರುದ್ರಾಣಿ ಹೊರಡಲು ಎದ್ದಾಗ ಕೆಂಪಾಜಮ್ಮ ಹೇಳಿದಳು: "ಇಲ್ಲಿ ಬಂದು ನಂಗ್ ಒಬ್ಳಿಗೇ ಹೇಳುದ್ರೆ ಏನ್ ಬಂತು ಮೇಡಮ್ಮ? ಬಲ್ಬು ಉರ್ದಾಗ್ಲೇ ನಂಗ್ ಗೊತ್ತಾಯ್ತು. ಅವತ್ತು ಮೀಟಿಂಗಲ್ಲಿ ಎದ್ ನಿಂತ್ಕಂಡು ಹೇಳುದ್ರಲ್ಲ, ಅಂಗೇ ಅಲ್ಲೇ ಹೇಳಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರುದ್ರಾಣಿಗೆ ಹಗುರಾಗುತ್ತಿತ್ತು.

ಸೋಮವಾರ ಬೆಳಗ್ಗೆ ಹೊಸ ಅಡುಗೆಯವಳು ತನ್ನದೇ ಈಳಿಗೆಮಣೆ ಹಿಡಿದು ಬಂದುಬಿಟ್ಟಿದ್ದಳು. ಗುರುಪ್ರಸಾದ್ ಅವಳಿಗೆ ಸಮಾಧಾನ ಹೇಳಿ ವಾಪಸು ಕಳಿಸುವ ಹೊತ್ತಿಗೆ ಸಮಿತಿಯವರೂ ಪೋಷಕರೂ ಸೇರಿದ್ದರು. ಹಿಂದಿನ ಪತ್ರವನ್ನು ರದ್ದು ಮಾಡಲು ಕೋರುವ ಇನ್ನೊಂದು ಪತ್ರವನ್ನು ಗುರುಪ್ರಸಾದ್ ಬರೆದಿಟ್ಟಿದ್ದರು. ಅದನ್ನು ಓದಿ ಮುಗಿಸಿಬಿಡೋಣ ಎಂದರು. ರುದ್ರಾಣಿ ಎದ್ದು ನಿಂತಳು.

"ಹೋದ ತಿಂಗಳು ಇಲ್ಲೇ ನಿಂತು, ನಲ್ಲಿಯಲ್ಲಿ ಏನೂ ಇಲ್ಲ, ಕೆಂಪಾಜಮ್ಮನವರಿಗೆ ಆರೋಗ್ಯ ಸರಿ ಇಲ್ಲ ಅಂತ ಹೇಳಿದ್ದೆ. ಅಳೆದು ನೋಡದೆ ಹೇಳಿದ್ದೆ. ಮೀಟರ್ ಆಗಲೂ ನನ್ನ ಬೀರುವಿನಲ್ಲೇ ಇತ್ತು. ಶುಕ್ರವಾರ ಗೌತಮಿ ಅಳೆದಳು. ನೂರ ಅರವತ್ತೆಂಟು ವೋಲ್ಟ್. ಅದು ಮನುಷ್ಯರನ್ನು ಕೊಲ್ಲುವಷ್ಟು. ನಾಲ್ಕು ಮಕ್ಕಳನ್ನ ಶೂ ಬಿಚ್ಚಿಸಿ ನಾನೇ ಅಲ್ಲಿ ನಿಲ್ಲಿಸಿದ್ದೆ. ಕೆಂಪಾಜಮ್ಮನವರು ಐದು ತಿಂಗಳಿಂದ ಹೇಳ್ತಿದ್ದದ್ದು ಅಕ್ಷರಶಃ ನಿಜ. ನಾನು ಹೇಳಿದ್ದು ಸುಳ್ಳು."

ಶೂ ಬಿಚ್ಚಿಸಿದ ಸಂಗತಿ ಪೋಷಕರಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಬ್ಬ ತಂದೆ ಎದ್ದು ನಿಂತು, ಮತ್ತೆ ಕುಳಿತ. ಯಾರಾದರೂ ಬೈಯಲಿ ಎಂದು ರುದ್ರಾಣಿ ಕಾದಳು. ಯಾರೂ ಬೈಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಕೆಂಪಾಜಮ್ಮ, "ಒತ್ತಾಯ್ತದೆ, ಬೇಳೆ ಒಲೆ ಮೇಲ್ ಇಡ್ಬೇಕು," ಎಂದು ಅಡುಗೆಮನೆಯ ಕಡೆ ಹೋದಳು.

ಪೈಪು ಬದಲಾಯಿತು, ವೈರು ಬೇರೆ ಗೋಡೆಗೆ ಹೋಯಿತು. ಡಾಕ್ಟರು ಮಾತ್ರೆಗಳನ್ನು ಒಮ್ಮೆಗೇ ಬಿಡಬೇಡಿ, ವಾರ ವಾರಕ್ಕೆ ಕಡಿಮೆ ಮಾಡಿ ಎಂದು ಬರೆದುಕೊಟ್ಟರು.

ಡಿಸೆಂಬರಿನಲ್ಲಿ ತಿ. ನರಸೀಪುರದಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಗೌತಮಿ ತನ್ನ ಪಟ್ಟಿಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಹಾಕಿದ್ದಳು. ಬಿಸಿಲಿನ ಸಾಲು ತುಂಬಿತ್ತು, ಗಾಳಿಯ ಸಾಲು ತುಂಬಿತ್ತು. ನೀರಿನ ಸಾಲಿನಲ್ಲಿ "ಅಳೆಯಲಿಲ್ಲ" ಎಂದು ಮಾತ್ರ ಇತ್ತು. ಆಮೇಲೆ ಬೇರೆ ನಲ್ಲಿಯಲ್ಲಿ ಅಳೆಯಬಹುದಿತ್ತು. ಅವಳಿಗೆ ಮನಸ್ಸು ಬಂದಿರಲಿಲ್ಲ. ರುದ್ರಾಣಿಯೂ ಒತ್ತಾಯಿಸಿರಲಿಲ್ಲ.

ತೀರ್ಪುಗಾರರು ಆ ಸಾಲಿನ ಮೇಲೆ ಪೆನ್ನಿಟ್ಟು, "ಯಾಕಮ್ಮ ಇದು ಖಾಲಿ?" ಎಂದರು.

ಗೌತಮಿ ಮಿಸ್ಸಿನ ಮುಖ ನೋಡಿದಳು. ರುದ್ರಾಣಿ ಹೇಳು ಎನ್ನುವಂತೆ ತಲೆಯಾಡಿಸಿದಳು. ಹುಡುಗಿ ನಿಧಾನವಾಗಿ, ಒಂದೂ ಬಿಡದೆ ಎಲ್ಲವನ್ನೂ ಹೇಳಿದಳು. ಅಡುಗೆಯ ಅಜ್ಜಿ ಹೇಳಿದ್ದು, ಯಾರೂ ನಂಬದಿದ್ದದ್ದು, ತಾನು ಸುಮ್ಮನೆ ಕಡ್ಡಿ ತಾಗಿಸಿದ್ದು, ಬಲ್ಬು ಉರಿದದ್ದು. ತೀರ್ಪುಗಾರರ ಪೆನ್ನು ಹಾಳೆಯ ಮೇಲೇ ನಿಂತಿತ್ತು.

ಪಕ್ಕದ ಮೇಜಿನಲ್ಲಿ ಬೇರೊಂದು ಶಾಲೆಯ ಮಕ್ಕಳ ಜೊತೆ ನಿಂತಿದ್ದ ಅಧ್ಯಾಪಕಿಯೊಬ್ಬರು ಇದನ್ನು ಕೇಳುತ್ತಿದ್ದರು. ಗಾಜಿನ ಲೋಟವೊಂದು ಅವರ ಕೈಯಲ್ಲಿ ಹಾಗೇ ಉಳಿದಿತ್ತು. ಗೌತಮಿ ಮುಗಿಸಿದ ಕೂಡಲೇ ಅವರು ಹತ್ತಿರ ಬಂದು ರುದ್ರಾಣಿಯ ತೋಳು ಹಿಡಿದರು.

"ನಮ್ಮ ಅಡುಗೆಯವರೂ ಹಾಗೇ ಅಂತಿದ್ದಾರೆ ಮೇಡಂ," ಎಂದರು. "ಗಣೇಶನ ಹಬ್ಬದಿಂದ ಅಂತಿದ್ದಾರೆ. ನಾವೆಲ್ಲ ನಗ್ತಿದ್ವಿ."

ರುದ್ರಾಣಿ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂವರೆ. ಎಲ್ಲ ಶಾಲೆಗಳಲ್ಲೂ ಪಾತ್ರೆ ತೊಳೆಯುವ ಹೊತ್ತು ಹತ್ತಿರವಾಗಿತ್ತು.

"ಫೋನ್ ಮಾಡಿ," ಎಂದಳು. "ಮೊದಲು ಮೈನ್ ತೆಗೀಲಿ. ಉಳಿದದ್ದು ಆಮೇಲೆ."

ಆ ಅಧ್ಯಾಪಕಿ ಫೋನ್ ಒತ್ತುತ್ತಾ ಹೊರಗೆ ಓಡಿದರು.